ರೇಡಿಯೋನೋ ಉಪಗ್ರಹವೋ: ಪ್ರಸಾರ ಪಾಠಕ್ಕೂ ಪಾಠಯೋಜನೆ ಬೇಕು

ದೂರದ ಊರಿನ ಶಾಲೆಗೆ ಪಾಠ ತಲುಪಿಸಲು ರೇಡಿಯೋ ಮೇಲೋ, ಉಪಗ್ರಹ ಮೇಲೋ? ಈ ಪ್ರಶ್ನೆ ಎದ್ದಾಗ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಉಪಗ್ರಹದ ಕಡೆಗೇ ವಾಲುತ್ತಾರೆ. ಹೊಸದು, ಚಿತ್ರವಿದೆ, ಆದ್ದರಿಂದ ಒಳ್ಳೆಯದು ಎಂಬ ಲೆಕ್ಕ. ಈ ಲೆಕ್ಕವನ್ನು ಸ್ವಲ್ಪ ಪರಿಶೀಲಿಸಬೇಕು.

ಕಿರುತರಂಗ ರೇಡಿಯೋ ಅಲೆಗಳು ಮೇಲಿನ ಅಯಾನುಗೋಳದಿಂದ ಬಾಗಿ ಮತ್ತೆ ನೆಲಕ್ಕೆ ಬರುತ್ತವೆ. ಹೀಗಾಗಿ ಒಂದೇ ಪ್ರಸಾರ ಕೇಂದ್ರ ಬೆಟ್ಟ ಕಾಡುಗಳನ್ನು ದಾಟಿ ಸಾವಿರಾರು ಕಿಲೋಮೀಟರ್ ಮುಟ್ಟಬಲ್ಲದು. ಕೇಳಲು ಬ್ಯಾಟರಿ ಹಾಕಿದ ಪುಟ್ಟ ರೇಡಿಯೋ ಸಾಕು. ಆದರೆ ಧ್ವನಿ ಏರಿಳಿಯುತ್ತದೆ, ಹಗಲಿಗೂ ರಾತ್ರಿಗೂ ಬೇರೆ ಬೇರೆ ಆವರ್ತನ ಬೇಕು, ಚಿತ್ರವಂತೂ ಇಲ್ಲ. ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹ ಚಿತ್ರವನ್ನೂ ಧ್ವನಿಯನ್ನೂ ಸ್ಪಷ್ಟವಾಗಿ ಕೊಡುತ್ತದೆ. ಅದಕ್ಕೆ ಡಿಶ್, ಟಿ.ವಿ., ಕರೆಂಟು ಎಲ್ಲವೂ ಬೇಕು. ಜೋರು ಮಳೆಗೆ ಸಂಕೇತ ಕುಗ್ಗುವುದೂ ಉಂಟು.

ನಮ್ಮ ರಾಜ್ಯದಲ್ಲೇ ಇದರ ಅನುಭವವಿದೆ. 2004ರ ಸೆಪ್ಟೆಂಬರ್ 20ರಂದು ಇಸ್ರೋ ಹಾರಿಸಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ರೂಪಿಸಿದ ಉಪಗ್ರಹ. ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದವು. ಆದರೆ ಅಲ್ಲಿದ್ದವು ಸ್ವೀಕರಿಸಲು ಮಾತ್ರ ಬರುವ ಉಪಕರಣಗಳು. ಮಗು ತಿರುಗಿ ಪ್ರಶ್ನೆ ಕೇಳುವಂತಿರಲಿಲ್ಲ. ಏಳು ವರ್ಷ ಬಾಳಬೇಕಿದ್ದ ಆ ಉಪಗ್ರಹ 2010ರಲ್ಲೇ ಸೇವೆ ಮುಗಿಸಿತು. ಹಾಸನದ ಪ್ರಧಾನ ನಿಯಂತ್ರಣ ಕೇಂದ್ರ ಆಕಾಶದ ಉಪಗ್ರಹವನ್ನು ಸರಿಯಾದ ಜಾಗದಲ್ಲಿ ಇಡಬಲ್ಲದು. ಶಾಲೆಯ ಮಾಳಿಗೆಯ ಡಿಶ್ ಗಾಳಿಗೆ ಜರುಗಿದರೆ ಸರಿಮಾಡಲು ಊರಿನವರೇ ಬೇಕು.

ಗುಬ್ಬಿ, ಕುಣಿಗಲ್ ತಾಲ್ಲೂಕುಗಳಿಗೆ ಕಿರುತರಂಗದ ಅಗತ್ಯವಿಲ್ಲ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗವೇ ಇಲ್ಲಿಗೆ ಸಿಗುತ್ತದೆ. 'ಕೇಳಿ ಕಲಿ'ಯಂಥ ಬಾನುಲಿ ಪಾಠಗಳೂ, 2020ರಲ್ಲಿ ಶಾಲೆ ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಬಂದ 'ಸೇತುಬಂಧ' ಪಾಠಗಳೂ ನಮಗೆ ಪರಿಚಿತವೇ. ಎರಡೂ ಒಮ್ಮುಖ ಪ್ರಸಾರಗಳು. ಗೊಲ್ಲರಹಟ್ಟಿಯ ಶಾಲೆಯಲ್ಲಿ ಒಂದು ಮಗು ಅರ್ಥವಾಗದೆ ಮುಖ ನೋಡಿದರೆ ರೇಡಿಯೋ ನಿಲ್ಲುವುದಿಲ್ಲ, ಟಿ.ವಿ.ಯೂ ನಿಲ್ಲುವುದಿಲ್ಲ. ಅದನ್ನು ಗಮನಿಸುವವರು ಶಿಕ್ಷಕರೊಬ್ಬರೇ.

ಆದ್ದರಿಂದ ನನ್ನ ಸಲಹೆ ಇಷ್ಟು. ಬೋಧನಾಭ್ಯಾಸದ ಪಾಠಗಳಲ್ಲಿ ಒಂದಾದರೂ ಪ್ರಸಾರ ಪಾಠವಾಗಿರಲಿ. ಪ್ರಸಾರಕ್ಕೆ ಮುಂಚಿನ ಐದು ನಿಮಿಷ ಮಕ್ಕಳಿಗೆ ಏನು ಹೇಳಬೇಕು, ಕೇಳುವಾಗ ಅವರ ಕೈಗೆ ಯಾವ ಕೆಲಸ ಕೊಡಬೇಕು, ಮುಗಿದ ಮೇಲೆ ಯಾವ ಪ್ರಶ್ನೆ ಕೇಳಬೇಕು ಎಂಬುದು ಪಾಠಯೋಜನೆಯಲ್ಲಿ ಬರಲಿ. ನಡುವೆ ಕರೆಂಟು ಹೋದರೆ ಪಾಠ ಹೇಗೆ ಮುಂದುವರಿಯುತ್ತದೆ ಎಂಬುದನ್ನೂ ಬರೆಸೋಣ. ಮೇಲ್ವಿಚಾರಕರು ಅದಕ್ಕೂ ಅಂಕ ಕೊಡಲಿ. ನಾಳೆ ಯಾವ ಶಾಲೆಗೆ ನೇಮಕವಾದರೂ, ಅಲ್ಲಿ ರೇಡಿಯೋ ಇರಲಿ ಡಿಶ್ ಇರಲಿ, ಈ ಸಿದ್ಧತೆ ಉಪಯೋಗಕ್ಕೆ ಬರುತ್ತದೆ.