ಚಿಗರಿ ನಿಲ್ದಾಣಕ್ಕೊಂದು ಹಳ್ಳದ ಗೆರೆ

ಹುಬ್ಬಳ್ಳಿ–ಧಾರವಾಡದ ನಡುವೆ ದಿನಾ ಚಿಗರಿ ಬಸ್ಸಿನಲ್ಲಿ ಓಡಾಡುವವರಿಗೆ ಒಂದು ಪ್ರಶ್ನೆ. ನಮ್ಮೂರಿನ ನಾಲ್ಕು ಹಳ್ಳಗಳ ಹೆಸರು ಹೇಳ್ತೀರಾ? ಉಣಕಲ್ ಕೆರೆ ಬಿಡ್ರಿ, ಅದು ರಸ್ತೆ ಪಕ್ಕದಲ್ಲೇ ಇದೆ. ಅದನ್ನು ದಾಟಿದ ಮೇಲೆ ಎಲ್ಲರ ಕಣ್ಣು ಮತ್ತೆ ಮೊಬೈಲಿಗೆ.

ನೀರಿನ ಲೆಕ್ಕದಲ್ಲಿ ನಮ್ಮ ಊರು ಭಾರಿ ಮಜಾ ಐತಿ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ, ಕಲಘಟಗಿ ಹತ್ತಿರ ಬೇಡ್ತಿಯನ್ನು ಕೂಡಿಕೊಂಡು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಅದೇ ಧಾರವಾಡದ ಪೂರ್ವಕ್ಕೆ ಬಿದ್ದ ಮಳೆ ತುಪ್ಪರಿ ಹಳ್ಳ ಹಿಡಿದು, ಬೆಣ್ಣಿಹಳ್ಳಕ್ಕೆ ಕೂಡಿ, ಮಲಪ್ರಭೆ, ಕೃಷ್ಣೆಯರ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಮೋಡದ ನೀರು, ಎರಡು ಸಮುದ್ರಕ್ಕೆ! ಒಂದರ ಹೆಸರಿನಲ್ಲಿ ತುಪ್ಪ, ಇನ್ನೊಂದರಲ್ಲಿ ಬೆಣ್ಣಿ. (ಮಳೆಗಾಲದಾಗ ಹೊಲ ಮುಳುಗಿದಾಗ ನವಲಗುಂದದ ರೈತರು ಏನಂತ ಕರೀತಾರೋ, ಅದು ಬೇರೆ ಮಾತು.)

2018ರಿಂದ ಚಿಗರಿ ಓಡುತ್ತಿದೆ. ಸುಮಾರು 22 ಕಿಲೋಮೀಟರ್ ದಾರಿ, ಉದ್ದಕ್ಕೂ ನಿಲ್ದಾಣಗಳು. ಬಸ್ಸಿಗೆ ನಮ್ಮ ಕಡೆಯ ಪ್ರಾಣಿಯ ಹೆಸರಿಟ್ಟವರು ನಿಲ್ದಾಣದ ಗೋಡೆಗೆ ನಮ್ಮ ಕಡೆಯ ನೀರನ್ನೂ ಬರೆಸಬಹುದಲ್ಲ?

ಬೆಂಗಳೂರಿನಲ್ಲಿ ಇದಕ್ಕೆ ದಾರಿ ಹಾಕಿದ್ದಾರೆ. ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಮೆಟ್ರೋದವರ ಜೊತೆ ಸೇರಿ 2014ರಲ್ಲಿ ಪೀಣ್ಯ ನಿಲ್ದಾಣದಲ್ಲಿ ಕೆಲಸ ಶುರು ಮಾಡಿದರು, ಆಮೇಲೆ ಕಬ್ಬನ್ ಪಾರ್ಕ್ ನಿಲ್ದಾಣಕ್ಕೂ ಬಂದರು. ಅದೇ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಅಲ್ಲಿ ಬಸ್ಸಿಗಾಗಿ ಓಡುವವರಲ್ಲಿ ಎಷ್ಟು ಮಂದಿಗೆ ಕೆರೆಯ ನೆನಪಿದೆ?

ನನ್ನ ತಕರಾರು ಇರೋದು ಇಲ್ಲೇ. ಹೆಸರು ಮರೆತ ನೀರು ಬಹಳ ಬೇಗ ಗಟಾರ ಆಗುತ್ತದೆ. ಉಣಕಲ್ ಹಳ್ಳವನ್ನು ಈಗ ಯಾರೂ ಹಳ್ಳ ಅನ್ನೋದಿಲ್ಲ, ‘ನಾಲಾ’ ಅಂತಾರ, ಮೂಗು ಮುಚ್ಚಿಕೊಂಡೇ ಅಂತಾರ. ಅದರ ದಂಡೆಗುಂಟ ಸೈಕಲ್ ಹಾದಿಯ ಯೋಜನೆಯನ್ನು ಸ್ಮಾರ್ಟ್ ಸಿಟಿಯವರು ಕೈಗೆತ್ತಿಕೊಂಡದ್ದು ಒಳ್ಳೇದೇ. ಆದರೆ ಹಾದಿ ಮಾಡಿದಷ್ಟಕ್ಕೆ ಕೊಳೆನೀರು ನಿಲ್ಲೋದಿಲ್ಲ. ಚಿತ್ರ ಬರೆದಷ್ಟಕ್ಕೂ ನಿಲ್ಲೋದಿಲ್ಲ, ನಿಜ.

ಅದಕ್ಕೇ ನನಗೆ ಕಮಲ, ಹಂಸ, ನೀಲಿ ಅಲೆಗಳ ಚಿತ್ರ ಬ್ಯಾಡ. ಕೆರೆಯಿಂದ ಹಳ್ಳ ಎಲ್ಲಿ ಹೊರಡುತ್ತದೆ, ಯಾವ ಓಣಿ ಹಾಯುತ್ತದೆ, ಎಲ್ಲಿ ಕಪ್ಪಾಗುತ್ತದೆ ಅನ್ನೋದನ್ನು ಒಂದೇ ಗೆರೆಯಲ್ಲಿ, ನಿಲ್ದಾಣದಿಂದ ನಿಲ್ದಾಣಕ್ಕೆ ಮುಂದುವರಿಸಿ ಬರೆಯಲಿ. ಕಪ್ಪಾದ ಕಡೆ ಕಪ್ಪು ಬಣ್ಣವನ್ನೇ ಹಚ್ಚಲಿ. ಬರೆಯುವವರನ್ನು ಹೊರಗಿನಿಂದ ಕರೆಸಬೇಕಾಗಿಲ್ಲ, ಧಾರವಾಡದಲ್ಲಿ ಕಲಾವಿದರಿಗೆ ಯಾವಾಗ ಬರ ಇತ್ತು? ನವಲೂರಿನ ನಿಲ್ದಾಣದಲ್ಲಿ ಮಾತ್ರ ಹಳ್ಳದ ಪಕ್ಕ ನಾಲ್ಕು ಪೇರಲ ಹಣ್ಣನ್ನೂ ಬರೀಬೇಕಾದೀತು. ಇಲ್ಲಾಂದ್ರ ಆ ಊರಿನವರು ಬಿಡೋದಿಲ್ಲ.