ದೂರದರ್ಶಕಕ್ಕೆ ಎಂತಹ ಕೊಳವೆ?

ಆಕಾಶದ ಅದ್ಭುತಗಳನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ಚಂದ್ರನ ಮೇಲಣ ಕುಳಿಗಳು, ಗುರುಗ್ರಹದ ನಾಲ್ಕು ದೊಡ್ಡ ಉಪಗ್ರಹಗಳು, ಶನಿಯ ಬಳೆಗಳು ಇವನ್ನೆಲ್ಲ ನೋಡಲು ಭಾರಿ ವೀಕ್ಷಣಾಲಯವೇ ಬೇಕೆಂದಿಲ್ಲ. 150 ಮಿಲಿಮೀಟರ್ ವ್ಯಾಸದ ಒಂದು ನಿಮ್ನ ದರ್ಪಣವಿದ್ದರೆ ಸಾಕು. ತಾಳ್ಮೆಯುಳ್ಳ ವಿದ್ಯಾರ್ಥಿಗಳು ಗಾಜಿನ ಬಿಲ್ಲೆಯನ್ನು ಉಜ್ಜಿ, ಒಪ್ಪವಿಟ್ಟು ಅಂತಹ ದರ್ಪಣವನ್ನು ತಾವೇ ಸಿದ್ಧಪಡಿಸಿಕೊಳ್ಳಬಲ್ಲರು. ಆದರೆ ಹೊಳೆಯುವ ಲೋಹದ ಕೊಳವೆಯಿಲ್ಲದೆ ದೂರದರ್ಶಕವಾಗದು ಎಂದು ಭಾವಿಸಿ, ಅದಕ್ಕೆ ಹಣ ಸಾಲದೆ ಕೈಚೆಲ್ಲುವುದುಂಟು. ಈ ಭಾವನೆ ಸರಿಯಾದುದಲ್ಲ. ಮನೆಯಲ್ಲಿ ಕಟ್ಟುವ ಮೊದಲ ದೂರದರ್ಶಕಕ್ಕೆ ಲೋಹಕ್ಕಿಂತ ರಟ್ಟು ಇಲ್ಲವೆ ಮರವೇ ಮೇಲು.

ಯಾವ ವಸ್ತು ಯೋಗ್ಯವೆಂದು ನಿರ್ಣಯಿಸುವ ಮೊದಲು ಕೊಳವೆಯ ಕೆಲಸವೇನೆಂಬುದನ್ನು ತಿಳಿಯಬೇಕು. ಐಸಾಕ್ ನ್ಯೂಟನ್ 1668ರಲ್ಲಿ ರಚಿಸಿದ ದೂರದರ್ಶಕದ ಕ್ರಮವೇ ಇಂದಿಗೂ ಬಳಕೆಯಲ್ಲಿದೆ. ಕೊಳವೆಯ ತಳದಲ್ಲಿರುವ ನಿಮ್ನ ದರ್ಪಣವು ನಕ್ಷತ್ರದ ಬೆಳಕನ್ನು ಒಂದುಗೂಡಿಸಿ ಮೇಲಕ್ಕೆ ಕಳುಹಿಸುತ್ತದೆ. ಬಾಯಿಯ ಬಳಿ ಓರೆಯಾಗಿ ನಿಲ್ಲಿಸಿದ ಚಿಕ್ಕ ಸಮತಲ ದರ್ಪಣವು ಆ ಬೆಳಕನ್ನು ಪಕ್ಕಕ್ಕೆ ತಿರುಗಿಸಿ ನೇತ್ರಮಸೂರಕ್ಕೆ ಒಪ್ಪಿಸುತ್ತದೆ. ಈ ಮೂರನ್ನೂ ಅವುಗಳ ಸ್ಥಾನದಲ್ಲಿ ಅಲುಗದಂತೆ ಹಿಡಿದಿಡುವುದು ಕೊಳವೆಯ ಮೊದಲ ಕರ್ತವ್ಯ. ಬೀದಿದೀಪ ಮುಂತಾದ ಹೊರಬೆಳಕು ಒಳನುಗ್ಗದಂತೆಯೂ ನೋಡುವವನ ಮೈಯ ಶಾಖ ಬೆಳಕಿನ ದಾರಿಗೆ ಬಾರದಂತೆಯೂ ತಡೆಯುವುದು ಎರಡನೆಯದು. ಇಷ್ಟನ್ನು ಮಾಡಬಲ್ಲ ಯಾವ ವಸ್ತುವೂ ಕೊಳವೆಯಾಗಲು ಅರ್ಹವಾದುದೇ.

ದರ್ಪಣದಷ್ಟೇ ನಿಖರತೆ ಕೊಳವೆಗೂ ಬೇಕೆಂದು ಕೆಲವರು ತಿಳಿಯುತ್ತಾರೆ. ಒಳ್ಳೆಯ ದರ್ಪಣದ ಮೈಯಲ್ಲಿನ ದೋಷ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಇರಬೇಕೆಂಬುದು ನಿಜ. ಕೊಳವೆಗಾದರೋ ಅಂತಹ ಕಟ್ಟುಪಾಡಿಲ್ಲ. 1200 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಮ್ ಕೊಳವೆಯು ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದಾಗ ಕುಗ್ಗುವುದು ಸುಮಾರು ಕಾಲು ಮಿಲಿಮೀಟರ್ ಮಾತ್ರ. ಪಿ.ವಿ.ಸಿ. ಅದಕ್ಕಿಂತ ಹೆಚ್ಚಾಗಿಯೂ ಮರ ಅದಕ್ಕಿಂತ ತೀರ ಕಡಿಮೆಯಾಗಿಯೂ ಕುಗ್ಗುತ್ತವೆ. ನೇತ್ರಮಸೂರವನ್ನು ತುಸು ಹಿಂದೆ ಮುಂದೆ ಸರಿಸಿದರೆ ಈ ವ್ಯತ್ಯಾಸ ಸರಿಹೋಗುತ್ತದೆ. ಆದುದರಿಂದ ಕುಗ್ಗುವಿಕೆಯೊಂದನ್ನೇ ಮುಂದುಮಾಡಿ ಯಾವ ವಸ್ತುವನ್ನೂ ತಳ್ಳಿಹಾಕಬೇಕಾಗಿಲ್ಲ.

ನಿಜವಾದ ತೊಡಕು ಇರುವುದು ಗಾಳಿಯಲ್ಲಿ. ತಿಳಿಯಾದ ರಾತ್ರಿಯಲ್ಲಿ ಲೋಹದ ತೆಳುತಗಡು ತನ್ನ ಶಾಖವನ್ನು ಆಕಾಶಕ್ಕೆ ಸೂಸಿ, ಸುತ್ತಣ ಗಾಳಿಗಿಂತಲೂ ತಣ್ಣಗಾಗುವುದುಂಟು. ಆಗ ಅದಕ್ಕೆ ತಗುಲಿದ ಒಳಗಾಳಿಯೂ ತಂಪಾಗಿ ಕೆಳಕ್ಕೆ ಜಾರುತ್ತದೆ. ತಂಪುಗಾಳಿ ಬಿಸಿಗಾಳಿಗಳು ಬೆರೆತಲ್ಲಿ ಬೆಳಕಿನ ಕಿರಣಗಳು ಅತ್ತಿತ್ತ ಬಾಗುತ್ತವೆ. ಕಾದ ರಸ್ತೆಯ ಮೇಲೆ ದೂರದ ಮರಗಳು ನಡುಗುವಂತೆ ಗ್ರಹದ ಬಿಂಬವೂ ನಡುಗುತ್ತದೆ. ರಟ್ಟು ಮತ್ತು ಮರ ಶಾಖವನ್ನು ಸುಲಭವಾಗಿ ಹರಿಯಗೊಡುವುದಿಲ್ಲವಾದ್ದರಿಂದ ಅವುಗಳಲ್ಲಿ ಈ ತೊಂದರೆ ಕಡಿಮೆ. ಲೋಹದ ಕೊಳವೆಯನ್ನೇ ಬಳಸುವವರು ಒಳಮೈಗೆ ಬೆಂಡಿನ ಹಾಳೆಯನ್ನು ಅಂಟಿಸುವುದೂ ಈ ಕಾರಣದಿಂದಲೇ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಹಾಗೆಂದು ರಟ್ಟು ಎಲ್ಲ ಕಡೆಯೂ ಯೋಗ್ಯವೆಂದು ಹೇಳುವಂತಿಲ್ಲ. ಇಂಗ್ಲೆಂಡಿನ ಬಾತ್ ನಗರದಲ್ಲಿ 1773ರಲ್ಲಿ ವಿಲಿಯಂ ಹರ್ಷೆಲ್ ತನ್ನ ಮೊದಲ ಉಪಕರಣಗಳನ್ನು ಕಟ್ಟತೊಡಗಿದಾಗ, ಲಂಡನ್ನಿನಿಂದ ತರಿಸಿದ ಮಸೂರಗಳಿಗಾಗಿ ಅವನ ತಂಗಿ ಕ್ಯಾರೊಲಿನ್ ರಟ್ಟಿನಿಂದ ಬಹು ಉದ್ದವಾದ ಕೊಳವೆಯೊಂದನ್ನು ಮಾಡಿದಳು. ಅಷ್ಟುದ್ದದ ರಟ್ಟು ನೆಟ್ಟಗೆ ನಿಲ್ಲದೆ ಬಾಗಿತು. ಕೊನೆಗೆ ತಗಡಿನ ಕೊಳವೆಯನ್ನು ಹೂಡಬೇಕಾಯಿತು. ಅದೇ ಹರ್ಷೆಲ್ 1789ರಲ್ಲಿ ಪೂರ್ಣಗೊಳಿಸಿದ ನಲವತ್ತು ಅಡಿಯ ದೂರದರ್ಶಕದ ಕೊಳವೆ ಕಬ್ಬಿಣದ್ದಾಗಿತ್ತು. ಐರ್ಲೆಂಡಿನಲ್ಲಿ ಲಾರ್ಡ್ ರಾಸ್ 1845ರಲ್ಲಿ 72 ಅಂಗುಲದ ದರ್ಪಣಕ್ಕೆ ಮರದ ಹಲಗೆಗಳನ್ನು ಜೋಡಿಸಿ, ಪೀಪಾಯಿಗೆ ಹಾಕುವಂತೆ ಕಬ್ಬಿಣದ ಪಟ್ಟಿಗಳನ್ನು ಬಿಗಿಸಿದನು. ಕೊಳವೆಯ ಉದ್ದ, ಹೊರಬೇಕಾದ ಭಾರ ಇವುಗಳನ್ನು ನೋಡಿ ವಸ್ತುವನ್ನು ಆರಿಸಬೇಕೆಂಬುದೇ ಇದರ ನೀತಿ. ಹರ್ಷೆಲನ ಉದ್ದನೆಯ ಕೊಳವೆಗೆ ಒಗ್ಗದ ರಟ್ಟು, ದಪ್ಪನಾಗಿದ್ದರೆ, ನಾಲ್ಕು ಅಡಿಯ ಕೊಳವೆಗೆ ಧಾರಾಳವಾಗಿ ಸಾಕು.

ಇದನ್ನು ಲೋಕಕ್ಕೆ ತೋರಿಸಿಕೊಟ್ಟವನು ಜಾನ್ ಡಾಬ್ಸನ್. ಅಮೆರಿಕದಲ್ಲಿ ಶ್ರೀರಾಮಕೃಷ್ಣ ಪರಂಪರೆಯ ವೇದಾಂತ ಮಠದಲ್ಲಿ 1944ರಿಂದ 1967ರವರೆಗೆ ಸಾಧಕನಾಗಿದ್ದ ಅವನ ಬಳಿ ಹಣವಿರಲಿಲ್ಲ. ಹಳೆಯ ಹಡಗಿನ ಕಿಟಕಿಯ ದಪ್ಪಗಾಜನ್ನು ಉಜ್ಜಿ ದರ್ಪಣ ಮಾಡಿದನು. ಬಿಸಾಡುವ ರಟ್ಟಿನ ಕೊಳವೆಗಳಲ್ಲಿ ಅದನ್ನು ಕೂರಿಸಿದನು. ಪ್ಲೈವುಡ್ಡಿನ ಪೆಟ್ಟಿಗೆಯ ಮೇಲೆ ನಿಲ್ಲಿಸಿದನು. ಬಳಿಕ ಅವುಗಳನ್ನು ಬೀದಿಬದಿಗೆ ತಂದು ಹೋಗಿಬರುವವರಿಗೆಲ್ಲ ಚಂದ್ರನನ್ನೂ ಶನಿಯನ್ನೂ ತೋರಿಸಿದನು. 1968ರಲ್ಲಿ ಆರಂಭವಾದ ಈ ಕಾರ್ಯ ಅನೇಕ ದೇಶಗಳಿಗೆ ಹರಡಿತು. ರಟ್ಟನ್ನು ಕಂಡು ಹೀಗಳೆಯುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ರಟ್ಟಿಗೆ ದೊಡ್ಡ ಶತ್ರು ನೀರು. ಕರ್ನಾಟಕದ ಮಳೆಗಾಲದಲ್ಲಿ ರಕ್ಷಣೆಯಿಲ್ಲದ ರಟ್ಟು ಮೆತ್ತಗಾಗಿ ಬೂಷ್ಟು ಹಿಡಿಯುವುದು ಖಂಡಿತ. ಒಳಗೂ ಹೊರಗೂ, ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೆ, ವಾರ್ನಿಷ್ ಇಲ್ಲವೆ ಎಣ್ಣೆಬಣ್ಣವನ್ನು ಎರಡು ಮೂರು ಸಲ ಬಳಿದರೆ ಈ ಭಯ ನಿವಾರಣೆಯಾಗುತ್ತದೆ. ಕರಾವಳಿ ಮತ್ತು ಮಲೆನಾಡಿನವರಿಗೆ ಪ್ಲೈವುಡ್ಡಿನ ಚೌಕಕೊಳವೆ ಇನ್ನೂ ಕ್ಷೇಮ. ಊರ ಬಡಗಿಯೇ ಅದನ್ನು ಮಾಡಿಕೊಡಬಲ್ಲನು. ಪಿ.ವಿ.ಸಿ. ಕೊಳವೆ ನೀರಿಗೆ ಜಗ್ಗದು, ಪೇಟೆಯಲ್ಲಿ ಸುಲಭವಾಗಿ ದೊರೆಯುತ್ತದೆ. ಆದರೆ ಭಾರ ಹೆಚ್ಚು. 200 ಮಿಲಿಮೀಟರ್ ವ್ಯಾಸ, 1200 ಮಿಲಿಮೀಟರ್ ಉದ್ದ, 5 ಮಿಲಿಮೀಟರ್ ದಪ್ಪವಿರುವ ಪಿ.ವಿ.ಸಿ. ಕೊಳವೆ ಐದು ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತದೆ. ಅದೇ ಅಳತೆಯ ರಟ್ಟು ಅದರ ಅರ್ಧದಷ್ಟು ಮಾತ್ರ. ವಸ್ತು ಯಾವುದೇ ಇರಲಿ, ಕೊಳವೆಯ ಒಳವ್ಯಾಸ ದರ್ಪಣಕ್ಕಿಂತ ನಾಲ್ಕೈದು ಸೆಂಟಿಮೀಟರಿನಷ್ಟು ಹೆಚ್ಚಿರಬೇಕು. ಒಳಮೈಗೆ ಹೊಳಪಿಲ್ಲದ ಕಪ್ಪುಬಣ್ಣ ಬಳಿಯಬೇಕು. ಅಂತಹ ದೂರದರ್ಶಕವನ್ನು ಎಂದಿಗೂ ಸೂರ್ಯನ ಕಡೆಗೆ ತಿರುಗಿಸಿ ನೋಡಬಾರದು. ಕ್ಷಣಮಾತ್ರದಲ್ಲಿ ಕಣ್ಣು ಶಾಶ್ವತವಾಗಿ ಹಾಳಾದೀತು.

ಇರುವ ಹಣ ಅಲ್ಪವಾದಾಗ ಅದು ಎಲ್ಲಿಗೆ ಸಲ್ಲಬೇಕೆಂಬುದೇ ವಿವೇಕದ ಪ್ರಶ್ನೆ. ಬಿಂಬವನ್ನು ಮೂಡಿಸುವುದು ದರ್ಪಣ. ಅದನ್ನು ಹಿಗ್ಗಿಸಿ ತೋರಿಸುವುದು ನೇತ್ರಮಸೂರ. ಹಣ ಅವುಗಳಿಗೆ ವೆಚ್ಚವಾಗಲಿ. ರಟ್ಟಿನ ಕೊಳವೆ ಹತ್ತು ವರ್ಷಗಳಲ್ಲಿ ಸವೆದರೆ ಇನ್ನೊಂದನ್ನು ಮಾಡಿಕೊಳ್ಳಬಹುದು. ಲೋಹದ ಕೊಳವೆಗಾಗಿ ಹಣ ಕೂಡಿಬರಲೆಂದು ಕಾಯುತ್ತ ಕಳೆದುಹೋದ ವಿದ್ಯಾರ್ಥಿದೆಸೆಯ ತಿಳಿಯಾದ ರಾತ್ರಿಗಳು ಮಾತ್ರ ಮರಳಿ ಬಾರವು.