ಕಾಗೆ ಕೂತಿತು, ಕೊಂಬೆ ಮುರಿಯಿತು



“ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು” ಎಂಬ ಗಾದೆಯನ್ನು ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಕೇಳಿಲ್ಲದಿದ್ದರೂ ಚಿಂತೆಯಿಲ್ಲ. ಶಾಲೆಯಲ್ಲಿ ಗುಜರಾತಿ ಓದಿದ ನಿಮಗೆ “ಕಾಗ್‌ನು ಬೇಸ್‌ವು ನೇ ಡಾಳ್‌ನು ಪಡ್‌ವು” ಎಂಬುದಂತೂ ಗೊತ್ತಿರುತ್ತದೆ. ಎರಡೂ ಒಂದೇ ಮಾತು. ಕಾಗೆ ಕೂತ ಮೇಲೆ ಕೊಂಬೆ ಮುರಿಯಿತು, ನಿಜ. ಆದರೆ ಕಾಗೆ ಕೂತದ್ದರಿಂದಲೇ ಮುರಿಯಿತೇ? ಕೊಂಬೆಗೆ ಮೊದಲೇ ಗೆದ್ದಲು ಹತ್ತಿತ್ತೋ ಏನೋ! “ಆಮೇಲೆ” ಎಂಬ ಪದಕ್ಕೂ “ಆದ್ದರಿಂದ” ಎಂಬ ಪದಕ್ಕೂ ಇರುವ ಅಂತರವೇ ಈ ಸಂಚಿಕೆಯ ನನ್ನ ವಿಷಯ.

ನಮ್ಮ ಸಂಘದ ರಾಜ್ಯೋತ್ಸವದಲ್ಲೋ ಯುಗಾದಿ ಊಟದಲ್ಲೋ ನಾಲ್ಕು ಜನ ಹಿರಿಯರು ಸೇರಿದರೆ ಆಸ್ಪತ್ರೆಯ ಮಾತು ಬಂದೇ ಬರುತ್ತದೆ. “ಆ ಇಂಜೆಕ್ಷನ್ ಕೊಟ್ಟ ಮೇಲೆ ನೋಡಿ, ಅವರು ಏಳಲೇ ಇಲ್ಲ” ಎಂದು ಒಬ್ಬರು ಹೇಳಿದರೆ, “ಡಾಕ್ಟರೇನು ದೇವರೇ? ಆಯಸ್ಸು ಅಷ್ಟೇ ಇತ್ತು” ಎಂದು ಇನ್ನೊಬ್ಬರು. ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ನಾಳೆ ಯಾರ ಮನೆಯಲ್ಲಾದರೂ ಇಂಥ ಕಷ್ಟ ಬಂದರೆ ಗುಜರಾತಿ, ಇಂಗ್ಲಿಷ್ ಕಾಗದ ಹಿಡಿದು ಓಡಾಡುವವರು ನೀವೇ ತಾನೇ? ನಿಮ್ಮಲ್ಲಿ ಕೆಲವರು ಇಲ್ಲಿ ಅಹಮದಾಬಾದಿನಲ್ಲೋ ವಡೋದರಾ, ಸೂರತ್‌ಗಳಲ್ಲೋ ಡಾಕ್ಟರಿಕೆ ಓದುತ್ತಿದ್ದೀರಿ, ಇನ್ನು ಕೆಲವರು ವಕೀಲಿಕೆ. ಹೀಗಾಗಿ ಈ ವಿಷಯ ಎಲ್ಲರಿಗೂ ಬೇಕಾದದ್ದು.

ವೈದ್ಯರು ಪರಿಹಾರ ಕೊಡಬೇಕೆಂದು ನ್ಯಾಯಾಲಯಕ್ಕೆ ಹೋದವರು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಮೊದಲನೆಯದು, ವೈದ್ಯರು ತಪ್ಪು ಮಾಡಿದರೇ? ಎರಡನೆಯದು, ಆ ತಪ್ಪಿನಿಂದಲೇ ಹಾನಿಯಾಯಿತೇ? ಒಂದಕ್ಕೆ ಹೌದು ಎಂದ ಮಾತ್ರಕ್ಕೆ ಇನ್ನೊಂದಕ್ಕೂ ಹೌದು ಎಂದಾಗುವುದಿಲ್ಲ.

ಇದಕ್ಕೆ ಕಾನೂನು ಓದುವವರೆಲ್ಲ ಕಲಿಯುವ ಹಳೆಯ ಉದಾಹರಣೆ ಲಂಡನ್ನಿನದು. 1960ರ ದಶಕದಲ್ಲಿ ಮೂವರು ರಾತ್ರಿ ಕಾವಲುಗಾರರು ಚಹಾ ಕುಡಿದ ಮೇಲೆ ವಾಂತಿ ಶುರುವಾಗಿ ಆಸ್ಪತ್ರೆಗೆ ಹೋದರು. ಕರ್ತವ್ಯದಲ್ಲಿದ್ದ ವೈದ್ಯರು ಅವರನ್ನು ನೋಡಲೇ ಇಲ್ಲ. ಮನೆಗೆ ಹೋಗಿ ತಮ್ಮ ತಮ್ಮ ಡಾಕ್ಟರನ್ನು ಕರೆಸಿಕೊಳ್ಳಲಿ ಎಂದು ನರ್ಸಿಗೆ ಫೋನಿನಲ್ಲೇ ಹೇಳಿಬಿಟ್ಟರು. ಮೂವರಲ್ಲಿ ಒಬ್ಬ ಕೆಲವೇ ಗಂಟೆಗಳಲ್ಲಿ ತೀರಿಕೊಂಡ. ಚಹಾದಲ್ಲಿ ಆರ್ಸೆನಿಕ್ ವಿಷ ಸೇರಿತ್ತು. ಅವನ ಹೆಂಡತಿ ದಾವೆ ಹೂಡಿದಳು. ರೋಗಿಯನ್ನು ನೋಡದೆ ಕಳಿಸಿದ್ದು ತಪ್ಪೇ ಎಂದು ನ್ಯಾಯಾಧೀಶರು ಒಪ್ಪಿದರು. ಆದರೂ ಅವಳಿಗೆ ಪರಿಹಾರ ಸಿಗಲಿಲ್ಲ! ಕಾರಣವೇನೆಂದರೆ, ಕೂಡಲೇ ದಾಖಲು ಮಾಡಿಕೊಂಡಿದ್ದರೂ ವಿಷವನ್ನು ಪತ್ತೆ ಮಾಡಿ ಮದ್ದು ಕೊಡುವಷ್ಟು ಸಮಯವೇ ಇರಲಿಲ್ಲ, ಅವನು ಉಳಿಯುತ್ತಿರಲಿಲ್ಲ ಎಂದು ತಜ್ಞರು ಸಾಕ್ಷ್ಯ ನುಡಿದರು. ತಪ್ಪು ಇತ್ತು, ಸಾವೂ ಆಗಿತ್ತು, ಎರಡರ ನಡುವೆ ಕೊಂಡಿ ಇರಲಿಲ್ಲ. ಓದಲು ಕಠೋರವೆನಿಸುತ್ತದೆ ಅಲ್ಲವೇ? ನನಗೂ ಹಾಗೇ ಅನ್ನಿಸುತ್ತದೆ. ಆದರೆ ಕೊಂಡಿಯನ್ನು ಕೇಳದೆ ಹೋದರೆ ಕಂಡ ಕಂಡ ಕಾಗೆಗೆಲ್ಲ ಶಿಕ್ಷೆಯಾದೀತು.

ಈ ಕೊಂಡಿ ಇದೆಯೋ ಇಲ್ಲವೋ ಎಂದು ಹೇಳುವವರೇ ತಜ್ಞ ಸಾಕ್ಷಿಗಳು. ಸಾಮಾನ್ಯ ಸಾಕ್ಷಿ ತಾನು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಹೇಳಬೇಕು, ತನಗೆ ಅನ್ನಿಸಿದ್ದನ್ನು ಹೇಳುವಂತಿಲ್ಲ. ತಜ್ಞರಿಗೆ ಮಾತ್ರ ಅಭಿಪ್ರಾಯ ಹೇಳುವ ಅವಕಾಶವಿದೆ. 1872ರ ಸಾಕ್ಷ್ಯ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 39ನೇ ಸೆಕ್ಷನ್ ಆಗಿದೆ. ಹಾಗೆಂದು ದೊಡ್ಡ ಡಾಕ್ಟರು ಹೇಳಿದ್ದೇ ವೇದವಾಕ್ಯವೂ ಅಲ್ಲ. ಕಾನ್ಪುರದ ಪ್ರಕರಣವೊಂದರಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ತಜ್ಞರು ಬರೀ ತೀರ್ಮಾನ ಹೇಳಿದರೆ ಸಾಲದು, ಯಾವ ಆಧಾರದಿಂದ, ಯಾವ ಕಾರಣದಿಂದ ಆ ತೀರ್ಮಾನಕ್ಕೆ ಬಂದರೆಂದು ನ್ಯಾಯಾಲಯದ ಮುಂದೆ ಇಡಬೇಕು. ಗಣಿತದ ಪರೀಕ್ಷೆಯಲ್ಲಿ ಉತ್ತರವೊಂದನ್ನೇ ಬರೆದರೆ ನಿಮಗೆ ಪೂರ್ತಿ ಅಂಕ ಸಿಗುತ್ತದೆಯೇ? ಇದೂ ಹಾಗೆಯೇ.

ನಮ್ಮ ದೇಶದಲ್ಲಿ 1995ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ವೈದ್ಯರ ಸೇವೆಯನ್ನೂ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ತಂದಿತು. ಹಣ ಕೊಟ್ಟು ಚಿಕಿತ್ಸೆ ಪಡೆದವರಿಗೆ ಗ್ರಾಹಕ ನ್ಯಾಯಾಲಯದ ಬಾಗಿಲು ತೆರೆಯಿತು. ಆದರೆ ಒಳಗೆ ಹೋದವರಿಗೆ ಇನ್ನೊಂದು ಗೋಡೆ ಎದುರಾಯಿತು. ಒಬ್ಬ ವೈದ್ಯರ ವಿರುದ್ಧ ಇನ್ನೊಬ್ಬ ವೈದ್ಯರು ಬಂದು ಹೇಳುವುದು ಸುಲಭವೇ? ಸಾಕ್ಷಿ ಹೇಳುವವರಿಲ್ಲದೆ ಬಡವರ ಕೇಸು ಬಿದ್ದುಹೋಗಬೇಕೇ?

ಹೈದರಾಬಾದಿನ ಕಿಶನ್ ರಾವ್ ಅವರ ಪ್ರಕರಣ ಇಲ್ಲಿ ನೆನಪಿಡಬೇಕಾದದ್ದು. 2002ರ ಜುಲೈನಲ್ಲಿ ಅವರ ಹೆಂಡತಿಗೆ ಚಳಿಜ್ವರ ಬಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಟೈಫಾಯಿಡ್ ಎಂದು ಚಿಕಿತ್ಸೆ ನಡೆಯಿತು. ಸ್ಥಿತಿ ಕೆಟ್ಟು ಬೇರೆ ಆಸ್ಪತ್ರೆಗೆ ಒಯ್ದಾಗ ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಕಂಡಿತು. ಹೊತ್ತು ಮೀರಿತ್ತು, ಆಕೆ ಉಳಿಯಲಿಲ್ಲ. ಜಿಲ್ಲಾ ವೇದಿಕೆ 2 ಲಕ್ಷ ರೂಪಾಯಿ ಪರಿಹಾರ ಕೊಟ್ಟಿತು. ತಜ್ಞರ ಸಾಕ್ಷ್ಯವಿಲ್ಲ ಎಂಬ ಕಾರಣಕ್ಕೆ ರಾಜ್ಯ ಆಯೋಗ ಅದನ್ನು ತಳ್ಳಿಹಾಕಿತು. 2010ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲಾ ವೇದಿಕೆಯ ತೀರ್ಪನ್ನೇ ಎತ್ತಿಹಿಡಿಯಿತು. ಮಲೇರಿಯಾಕ್ಕೆ ಚಿಕಿತ್ಸೆ ಮಾಡಲಿಲ್ಲವೆಂದು ಮೊದಲ ಆಸ್ಪತ್ರೆಯ ವೈದ್ಯರೇ ಒಪ್ಪಿದ್ದರು, ಇನ್ನೊಂದು ಆಸ್ಪತ್ರೆಯ ಕಾಗದಗಳು ಉಳಿದದ್ದನ್ನು ಹೇಳುತ್ತಿದ್ದವು. ಕಣ್ಣಿಗೆ ಕಾಣುವಂಥ ತಪ್ಪಿದ್ದಾಗ ಪ್ರತಿಯೊಂದು ಕೇಸಿಗೂ ತಜ್ಞರು ಬೇಕೆಂದಿಲ್ಲ, ವಿಷಯ ಜಟಿಲವಾಗಿದ್ದಾಗ ಮಾತ್ರ ಬೇಕು ಎಂದು ನ್ಯಾಯಾಲಯ ಹೇಳಿತು.

ಜಟಿಲವಾದ ಕೇಸನ್ನೂ ಛಲ ಬಿಡದೆ ನಡೆಸಿದವರು ಪ್ರಶಾಂತ್ ಧನಂಕ. 1990ರಲ್ಲಿ ಅವರಿಗೆ 20 ವರ್ಷ, ಇಂಜಿನಿಯರಿಂಗ್ ವಿದ್ಯಾರ್ಥಿ, ಹೆಚ್ಚು ಕಡಿಮೆ ನಿಮ್ಮದೇ ವಯಸ್ಸು. ಎದೆಯೊಳಗಿನ ಗಡ್ಡೆಗೆ ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅದಾದ ಮೇಲೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. “ಆಮೇಲೆ” ಎಂಬುದು ಎಲ್ಲರಿಗೂ ಕಾಣುತ್ತಿತ್ತು. “ಆದ್ದರಿಂದ” ಎಂಬುದನ್ನು ತೋರಿಸಬೇಕಿತ್ತು. ಬೇಕಾದ ಪರೀಕ್ಷೆಗಳನ್ನು ಮೊದಲೇ ಮಾಡಿರಲಿಲ್ಲ, ನರರೋಗದ ಶಸ್ತ್ರವೈದ್ಯರನ್ನು ಜೊತೆಗೆ ಸೇರಿಸಿಕೊಂಡಿರಲಿಲ್ಲ ಎಂಬುದು ಹೊರಬಂತು. ರೋಗಿ ತನ್ನ ಪಾಲಿನ ಭಾರ ಹೊತ್ತು ನಿರ್ಲಕ್ಷ್ಯವನ್ನು ಒಮ್ಮೆ ತೋರಿಸಿಕೊಟ್ಟ ಮೇಲೆ, ತಮ್ಮಿಂದ ತಪ್ಪಾಗಿಲ್ಲವೆಂದು ತೋರಿಸುವ ಭಾರ ಆಸ್ಪತ್ರೆಯದೇ ಎಂದು ಸುಪ್ರೀಂ ಕೋರ್ಟ್ ಹೇಳಿತು. 2009ರ ಮೇ 14ರಂದು 1 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಅಷ್ಟರಲ್ಲಿ ಪ್ರಶಾಂತ್ ಇನ್ಫೋಸಿಸ್‌ನಲ್ಲಿ ಇಂಜಿನಿಯರ್ ಆಗಿದ್ದರು, ತಮ್ಮ ವಾದವನ್ನು ತಾವೇ ಮಂಡಿಸಿದ್ದರು. ಶಸ್ತ್ರಚಿಕಿತ್ಸೆಗೂ ತೀರ್ಪಿಗೂ ನಡುವೆ ಸುಮಾರು 19 ವರ್ಷ! ಇಷ್ಟು ತಾಳ್ಮೆ ಎಷ್ಟು ಜನರಿಗಿದ್ದೀತು?

ಪಕ್ಷಪಾತವಿಲ್ಲದ ತಜ್ಞರು ಸಿಕ್ಕರೆ ಏನಾಗಬಹುದೆಂಬುದಕ್ಕೆ ಉದಾಹರಣೆ ನಮ್ಮ ಅಹಮದಾಬಾದಿನಲ್ಲೇ ಇದೆ. ಅದು ವೈದ್ಯರ ತಪ್ಪಿನ ಕೇಸಲ್ಲ, ಆದರೆ ಪ್ರಶ್ನೆ ಅದೇ. ಆಸ್ಬೆಸ್ಟಾಸ್ ಧೂಳಿನಲ್ಲಿ ದುಡಿದ ಕಾರ್ಮಿಕರ ಪರವಾಗಿ ಇಲ್ಲಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ, ನೀವೆಲ್ಲ ಸಿ.ಇ.ಆರ್.ಸಿ. ಎನ್ನುವ ಸಂಸ್ಥೆ, ಸುಪ್ರೀಂ ಕೋರ್ಟಿಗೆ ಹೋಯಿತು. ಆ ಧೂಳಿನ ಕಾಯಿಲೆ ಕಾಣಿಸಿಕೊಳ್ಳಲು ಹತ್ತಾರು ವರ್ಷ ಬೇಕು. ಅಷ್ಟರಲ್ಲಿ ಕಾರ್ಮಿಕ ಕೆಲಸ ಬಿಟ್ಟಿರುತ್ತಾನೆ. ಕೆಮ್ಮು ಬಂದರೆ ಬೀಡಿಯಿಂದ ಬಂತು ಎಂದುಬಿಡಬಹುದು. 1995ರ ಜನವರಿ 27ರ ತೀರ್ಪಿನಲ್ಲಿ ನ್ಯಾಯಾಲಯ, ಕಾರ್ಮಿಕರನ್ನು ಮೇಘಾಣಿನಗರದ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಬೇಕೆಂದೂ ಕಾಯಿಲೆ ಇರುವುದನ್ನು ಆ ಸಂಸ್ಥೆ ದೃಢಪಡಿಸಿದರೆ ತಲಾ 1 ಲಕ್ಷ ರೂಪಾಯಿ ಕೊಡಬೇಕೆಂದೂ ಆದೇಶಿಸಿತು. ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಕಾರ್ಮಿಕರ ಆರೋಗ್ಯದ ದಾಖಲೆ ಇಡಬೇಕೆಂದೂ ಹೇಳಿತು. ದಾಖಲೆಯೇ ಇಲ್ಲದಿದ್ದರೆ ತಜ್ಞರಾದರೂ ಏನನ್ನು ನೋಡಿ ಹೇಳಿಯಾರು?

ಇನ್ನು ನಿಮಗೆ ಎರಡು ಮಾತು. ಮನೆಯವರು ಆಸ್ಪತ್ರೆಯಲ್ಲಿದ್ದಾಗ ಫೈಲನ್ನು ಜೋಪಾನವಾಗಿಡಿ. ಎಕ್ಸ್‌ರೇ, ರಕ್ತದ ರಿಪೋರ್ಟು, ಡಿಸ್ಚಾರ್ಜ್ ಕಾರ್ಡು, ಔಷಧಿ ಬಿಲ್ಲು ಯಾವುದನ್ನೂ ಬಿಸಾಡಬೇಡಿ. ಯಾವ ಹೊತ್ತಿಗೆ ಏನಾಯಿತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. 2002ರ ವೈದ್ಯಕೀಯ ಪರಿಷತ್ತಿನ ನಿಯಮದಂತೆ, ಕೇಳಿದ 72 ಗಂಟೆಯೊಳಗೆ ದಾಖಲೆಗಳ ಪ್ರತಿ ಕೊಡಬೇಕು. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟಿರಬೇಕು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಸಾಮಾನ್ಯವಾಗಿ 2 ವರ್ಷದ ಗಡುವು. ದುಃಖದಲ್ಲಿ ಕಾಲ ಸರಿದದ್ದೇ ತಿಳಿಯುವುದಿಲ್ಲ, ಆದ್ದರಿಂದ ಇದನ್ನು ಈಗಲೇ ತಿಳಿದಿರುವುದು ಒಳ್ಳೆಯದು. ದೂರು ಕೊಡುವ ಮೊದಲು ಆ ಕಾಗದಗಳನ್ನು ನಂಬಿಕೆಯ ಇನ್ನೊಬ್ಬ ವೈದ್ಯರಿಗೆ ತೋರಿಸಿ, “ಹೀಗೆ ಮಾಡದಿದ್ದರೆ ಉಳಿಯುತ್ತಿದ್ದರೇ?” ಎಂದು ನೇರವಾಗಿ ಕೇಳಿ. “ಇಲ್ಲ, ಯಾರಿಂದಲೂ ಉಳಿಸಲಾಗುತ್ತಿರಲಿಲ್ಲ” ಎಂಬ ಉತ್ತರ ಬಂದರೆ ಅದೂ ಒಂದು ಸಮಾಧಾನವೇ. ಎಷ್ಟೋ ಮನೆಗಳಲ್ಲಿ ಜನ ವರ್ಷಗಟ್ಟಲೆ ಯಾರನ್ನೋ ಶಪಿಸುತ್ತ, ಇಲ್ಲವೇ ತಮ್ಮನ್ನೇ ಹಳಿದುಕೊಳ್ಳುತ್ತ ಕೂತಿರುತ್ತಾರೆ.

ಎರಡನೆಯ ಮಾತು ಡಾಕ್ಟರಾಗುವವರಿಗೆ. ಮುಂದೆ ಒಂದು ದಿನ ಒಬ್ಬ ಬಡ ಹೆಣ್ಣುಮಗಳು ಫೈಲು ಹಿಡಿದು ನಿಮ್ಮ ಬಾಗಿಲಿಗೆ ಬರಬಹುದು. ಒಂದೇ ಕಾಲೇಜಿನವರು, ದಿನಾ ಮುಖ ನೋಡಬೇಕಾದವರು ಎಂದು ನೀವು ಬಾಯಿ ಮುಚ್ಚಿಕೊಂಡರೆ ಅವಳಿಗೆ ಬೇರೆ ದಾರಿಯಿಲ್ಲ. ಕರುಣೆಯಿಂದ ಇಲ್ಲದ ಕೊಂಡಿಯನ್ನು ಜೋಡಿಸಿದರೆ ನಿರಪರಾಧಿ ವೈದ್ಯರೊಬ್ಬರ ಬಾಳು ಹಾಳು. ಯಾರ ಪರವಾಗಿ ಕರೆದರೂ ಫೈಲು ಏನು ಹೇಳುತ್ತದೋ ಅಷ್ಟನ್ನೇ, ಕಾರಣ ಕೊಟ್ಟು ಹೇಳಿ. ನಮ್ಮ ಕನ್ನಡದ ಮಕ್ಕಳಲ್ಲಿ ಅಂಥ ನಾಲ್ಕು ಜನ ತಯಾರಾದರೆ ಸಂಘಕ್ಕೆ ಅದಕ್ಕಿಂತ ದೊಡ್ಡ ಹೆಮ್ಮೆ ಯಾವುದಿದೆ?

ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ. ಪರೀಕ್ಷೆಗಳಿಗೆ ಚೆನ್ನಾಗಿ ಓದಿಕೊಳ್ಳಿ.

ಪ್ರೀತಿಯಿಂದ,
ನಿಮ್ಮ ಆಂಟಿ